ಗುಲ್ಮಾರ್ಗ್ ಸ್ಕೀಯಿಂಗ್: ಸಂಕ್ರಾಂತಿ ರಜೆಗೆ ಹೋದರೆ ಹಿಮ ಸಿಗುತ್ತಾ?

ಜಯನಗರದವ
ನಾವು ಐದು ಜನ. ಇಬ್ಬರಿಗೆ ಸ್ಕೀಯಿಂಗ್ ಸ್ವಲ್ಪ ಬರುತ್ತೆ, ಮೂವರು ಇನ್ನೂ ಬೂಟು ಮುಟ್ಟಿಲ್ಲ. ಸಂಕ್ರಾಂತಿಗೆ ಎಲ್ಲರಿಗೂ ಒಟ್ಟಿಗೆ ರಜೆ ಸಿಗುತ್ತಿದೆ: ಜನವರಿ 12ರಿಂದ 17, ಗುಲ್ಮಾರ್ಗ್‌ನಲ್ಲಿ ಐದು ರಾತ್ರಿ. ವಿಮಾನದ ದರ ಈಗ ಕಡಿಮೆ ಇದೆ, ಇವತ್ತೇ ಬುಕ್ ಮಾಡೋಣ ಅಂತ ಗುಂಪಿನಲ್ಲಿ ಒತ್ತಾಯ.
ಪ್ರಶ್ನೆ ಮೂರು. ಜನವರಿ ಮಧ್ಯದಲ್ಲಿ ಹಿಮ ಖಂಡಿತ ಇರುತ್ತಾ? ಐದು ರಾತ್ರಿ ಸಾಕಾ? ಗುಲ್ಮಾರ್ಗ್ ಕೈಕೊಟ್ಟರೆ ಉತ್ತರಾಖಂಡದ ಔಲಿಗೆ ಹೋಗಬಹುದಾ?

ಮುಗಿಲುನೋಟ
ಇವತ್ತು ಬುಕ್ ಮಾಡಬೇಡಿ. ಮಾಡಲೇಬೇಕಂದ್ರೆ ದಿನಾಂಕ ಬದಲಿಸಬಹುದಾದ ಟಿಕೆಟ್ ತಗೊಳ್ಳಿ.
ಜನವರಿ ಮಧ್ಯದಲ್ಲಿ ಹಿಮ "ಖಂಡಿತ" ಅಂತ ಯಾರೂ ಹೇಳೋಕಾಗಲ್ಲ. 2024ರ ಜನವರಿ ನೆನಪಿದೆಯಾ? ಸಂಕ್ರಾಂತಿ ಹೊತ್ತಿಗೆ ಗುಲ್ಮಾರ್ಗ್ ಬಯಲು ಕಂದು ಹುಲ್ಲು ಬಿಟ್ಟುಕೊಂಡು ಮಲಗಿತ್ತು, ತಿಂಗಳ ಕೊನೆಯವರೆಗೂ ಹೇಳಿಕೊಳ್ಳೋ ಹಿಮ ಬೀಳಲಿಲ್ಲ. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನ ಫೆಬ್ರವರಿ 22ಕ್ಕೆ ಇಟ್ಟಿದ್ದರು. ಹಿಮ ಸಾಲದೆ ಮುಂದಕ್ಕೆ ಹಾಕಿ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಸರ್ಕಾರವೇ ದಿನಾಂಕ ಬದಲಿಸೋ ಜಾಗದಲ್ಲಿ ನೀವು ಐದು ದಿನದ ಗಟ್ಟಿ ದಿನಾಂಕ ಹಿಡ್ಕೊಂಡು ಹೋಗೋದು ಸರಿಯಲ್ಲ.

ಬನಶಂಕರಿ_ಬೈಕರ್
ಜನವರಿ ಅಂದ್ರೆ ಚಿಲ್ಲೈ ಕಲಾನ್ ಅಲ್ವಾ? ಕಾಶ್ಮೀರದ ಅತಿ ಕೆಟ್ಟ ಚಳಿಯ 40 ದಿನ. ಆಗಲೂ ಹಿಮ ಇರಲ್ಲ ಅಂದ್ರೆ ಇನ್ಯಾವಾಗ ಇರುತ್ತೆ?

ಮುಗಿಲುನೋಟ
ಚಳಿ ಬೇರೆ, ಹಿಮ ಬೇರೆ. ಇದನ್ನ ಮೊದಲು ಬಿಡಿಸಿಕೊಳ್ಳಬೇಕು.
ಆಕಾಶ ನಿಚ್ಚಳ ಇದ್ದಷ್ಟೂ ರಾತ್ರಿ ನೆಲದ ಶಾಖ ಮೇಲಕ್ಕೆ ಹಾರಿಹೋಗಿ ಚಳಿ ಜಾಸ್ತಿ ಆಗುತ್ತೆ. ಹಿಮ ಬೀಳೋಕೆ ಮೋಡ ಬೇಕು, ತೇವ ಬೇಕು. ಆ ತೇವ ತರೋದು ವೆಸ್ಟರ್ನ್ ಡಿಸ್ಟರ್ಬೆನ್ಸ್. ಮೆಡಿಟರೇನಿಯನ್ ಕಡೆ ಹುಟ್ಟಿ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರೋ ವಾಯುಭಾರ ಕುಸಿತ ಅದು. ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಡಿದು ಮೇಲೇರಿದಾಗ ಹಿಮ ಸುರಿಯುತ್ತೆ. ಅದು ಉತ್ತರಕ್ಕೆ ಸರಿದು ಹೋಯ್ತೋ, ಶ್ರೀನಗರದಲ್ಲಿ ನಲ್ಲಿ ನೀರು ಹೆಪ್ಪುಗಟ್ಟೋ ಚಳಿ ಇದ್ದರೂ ಗುಲ್ಮಾರ್ಗ್‌ನಲ್ಲಿ ಹಿಮ ಇರಲ್ಲ. 2024ರಲ್ಲಿ ಆಗಿದ್ದೂ ಅದೇ.

ತೀರ್ಥಹಳ್ಳಿ_ಮಳೆ
ಚಿಲ್ಲೈ ಕಲಾನ್‌ನ ನಮ್ಮ ಮಳೆ ನಕ್ಷತ್ರಗಳ ಥರ ನೋಡಿ, ಸುಲಭವಾಗಿ ಅರ್ಥ ಆಗುತ್ತೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ. ಒಟ್ಟು 70 ದಿನ, ಮಾರ್ಚ್ ಹತ್ತಿರಕ್ಕೆ ಬಂದು ಮುಗಿಯುತ್ತೆ. ನಮ್ಮಲ್ಲಿ ಆರಿದ್ರೆ, ಪುನರ್ವಸು ಅಂತ ಲೆಕ್ಕ ಇಟ್ಟ ಹಾಗೆ ಅಲ್ಲಿನವರು ಇಟ್ಟ ಲೆಕ್ಕ. "ಆದರೆ ಆರಿದ್ರ, ಇಲ್ಲದಿದ್ರೆ ದರಿದ್ರ" ಅಂತೀವಲ್ಲ, ನಕ್ಷತ್ರ ಬಂತು ಅಂದ ಮಾತ್ರಕ್ಕೆ ಮಳೆ ಬಂತು ಅಂತ ಅಲ್ಲ. ಬರಬೇಕಾದ ಕಾಲ ಬಂತು ಅಂತ ಅಷ್ಟೇ.

ಬನಶಂಕರಿ_ಬೈಕರ್
ಈ ಹೋಲಿಕೆ ಚೆನ್ನಾಗಿದೆ, ಒಪ್ಪಿದೆ.

ಹುಬ್ಬಳ್ಳಿ_ಹಾದಿ
ಎರಡನೇ ಪ್ರಶ್ನೆಗೆ ಬರೋಣ್ರಿ. ಐದು ರಾತ್ರಿ ಸಾಲಂಗಿಲ್ಲ. ಲೆಕ್ಕ ಹಾಕಿ ತೋರಸ್ತೀನಿ, ನೋಡ್ರಿ.
ಒಂದು ಒಳ್ಳೆ ಡಿಸ್ಟರ್ಬೆನ್ಸ್ ಬಂತು ಅಂದ್ರ ಎರಡು-ಮೂರು ದಿನ ಸುರೀತದ. ಆ ದಿನಗಳಾಗ ಗೊಂಡೋಲಾದ (ಬೆಟ್ಟ ಹತ್ತೋ ಕೇಬಲ್ ಕಾರಿನ) ಮೇಲಿನ ಎರಡನೇ ಹಂತ ಬಂದ್. ಗಾಳಿ ಒಂದು ಕಾರಣ, ಹಿಮಕುಸಿತದ ಭಯ ಇನ್ನೊಂದು. ಹಿಮ ನಿಂತ ಮರುದಿನ ಆಕಾಶ ತಿಳಿ ಆದ್ರೂ ಮೇಲಿನ ಹಂತ ಕೂಡಲೇ ತೆರೆಯಂಗಿಲ್ಲ. ಸ್ಕೀ ಪೆಟ್ರೋಲ್‌ನವರು (ಬೆಟ್ಟದ ಕಾವಲು ತಂಡದವರು) ಸ್ಫೋಟಕ ಹಾಕಿ, ಕುಸಿಯೋದನ್ನ ಮೊದಲೇ ಕೆಡವಿ, ಇಳಿಜಾರು ನೋಡಿ ಆಮೇಲೆ ಬಿಡ್ತಾರ. ಅದಕ್ಕ ಅರ್ಧ ದಿನ ಹಿಡೀಬಹುದು, ಎರಡು ದಿನಾನೂ ಹಿಡೀಬಹುದು. ಆಮೇಲೆ ನಿಮಗ ಮೂರು-ನಾಲ್ಕು ಒಳ್ಳೆ ದಿನ ಸಿಗ್ತಾವು.
ಅಂದ್ರ ಒಂದು ಪೂರ್ತಿ ಸುತ್ತಿಗೆ ಆರೇಳು ದಿನ ಬೇಕು. ನೀವು ಹೋದ ಐದು ದಿನ ಬರೇ ಬಿರುಗಾಳಿಗೇ ಸಿಕ್ರ, ಇಲ್ಲಾ ಎರಡು ಬಿರುಗಾಳಿ ನಡುವಿನ ಗಟ್ಟಿ ಹಳೇ ಹಿಮಕ್ಕೇ ಸಿಕ್ರ, ಖರ್ಚು ಅಷ್ಟೇ, ಸಿಗೋದು ಅರ್ಧ. ಕನಿಷ್ಠ ಏಳು ರಾತ್ರಿ ಇಡ್ರಿ. ಅದರ ಮ್ಯಾಲೆ ವಾಪಸ್ ಬರುವಾಗ ಶ್ರೀನಗರದಾಗ ಒಂದು ರಾತ್ರಿ.

ಡೆನ್ವರ್_ಕನ್ನಡಿಗ
ಇಷ್ಟೊಂದು ಲೆಕ್ಕಾಚಾರ ಯಾಕೆ? ಹತ್ತು ದಿನದ ಮುನ್ಸೂಚನೆ ನೋಡಿ. 50 ಸೆಂಟಿಮೀಟರ್ ಹಿಮ ಅಂತ ಕಂಡ ದಿನ ಟಿಕೆಟ್ ತಗೊಳ್ಳಿ, ಹಿಮ ನಿಂತ ಬೆಳಿಗ್ಗೆ ಮೊದಲ ಕ್ಯಾಬಿನ್ ಹಿಡಿದು ಮೇಲೆ ಹೋಗಿ ತಾಜಾ ಪೌಡರ್‌ನಲ್ಲಿ, ಅಂದ್ರೆ ಪುಡಿಪುಡಿ ಹೊಸ ಹಿಮದಲ್ಲಿ, ಇಳೀರಿ. ಕೊಲರಾಡೊದಲ್ಲಿ ಎಲ್ಲರೂ ಹೀಗೇ ಮಾಡೋದು.

ಮುಗಿಲುನೋಟ
@ಡೆನ್ವರ್_ಕನ್ನಡಿಗ, ಎರಡು ವಿಷಯದಲ್ಲಿ ನಿಮ್ಮ ಮಾತು ಒಪ್ಪಲ್ಲ.
ಒಂದು, ನೀವು ಎರಡು ಗಂಟೆ ಕಾರು ಓಡಿಸಿದ್ರೆ ಬೆಟ್ಟ ಸಿಗುತ್ತೆ. ಇವರು ಬೆಂಗಳೂರಿಂದ ಹೆಚ್ಚಾಗಿ ದೆಹಲಿ ಮೇಲೆ ಹಾದು ಶ್ರೀನಗರಕ್ಕೆ ಹೋಗಬೇಕು. ದೊಡ್ಡ ಹಿಮ ಬೀಳೋ ದಿನವೇ ಶ್ರೀನಗರದಲ್ಲಿ ವಿಮಾನ ಇಳಿಯೋದು ಕಷ್ಟ. ಮುನ್ಸೂಚನೆ ನೋಡಿ ಟಿಕೆಟ್ ತಗೊಂಡ್ರೆ ಬಿರುಗಾಳಿ ದಿನವೇ ವಿಮಾನ ಏರಿದ ಹಾಗಾಗುತ್ತೆ. ಬಿರುಗಾಳಿ ಬರೋಕೆ ಮುಂಚೆ ಗುಲ್ಮಾರ್ಗ್ ಸೇರಿರಬೇಕು.
ಎರಡನೆಯದು ಇದಕ್ಕಿಂತ ಗಂಭೀರ. ಹಿಮ ನಿಂತ ಮೊದಲ ಬೆಳಿಗ್ಗೆ ಗೊಂಡೋಲಾ ಹತ್ತೋ ಅಫರ್ವತ್ ಬೆಟ್ಟದ ಮೇಲೆ ಎಲ್ಲೆಂದರಲ್ಲಿ ಇಳಿಯಿರಿ ಅನ್ನೋ ಸಲಹೆ ಅಪಾಯದ್ದು. ನಿಮ್ಮಲ್ಲಿ ರೆಸಾರ್ಟ್ ಗಡಿಯೊಳಗೆ ಪೂರ್ತಿ ಬೆಟ್ಟವನ್ನ ಪೆಟ್ರೋಲ್ ನೋಡಿಕೊಳ್ಳುತ್ತೆ. ಇಲ್ಲಿ ಗೊಂಡೋಲಾ ಕೆಳಗಿನ ಮುಖ್ಯ ಬೌಲ್ (ಬಟ್ಟಲಿನಂಥ ಇಳಿಜಾರು) ಮಾತ್ರ ಅವರ ನಿಗಾದಲ್ಲಿ ಇರೋದು. ಅದರ ಎಡ-ಬಲಕ್ಕೆ ಗಡಿಯ ಹಗ್ಗ ದಾಟಿದ್ರೆ ಅದು ಕಾಡುಬೆಟ್ಟ, ಅಲ್ಲಿ ಯಾರ ಹೊಣೆಯೂ ಇಲ್ಲ. 2023ರ ಫೆಬ್ರವರಿ 1ರಂದು ಅಫರ್ವತ್‌ನ ಹೊರಭಾಗದಲ್ಲಿ ಹಿಮ ಕುಸಿದು ಪೋಲೆಂಡ್‌ನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. ಮರುವರ್ಷ ಫೆಬ್ರವರಿ 22ಕ್ಕೆ ಖಿಲನ್‌ಮಾರ್ಗ್ ಕಡೆ ರಷ್ಯಾದ ಒಬ್ಬರು. 2010ರಲ್ಲಿ ಅದೇ ಖಿಲನ್‌ಮಾರ್ಗ್‌ನಲ್ಲಿ ಸೇನೆಯ 17 ಜನ. ಬೆಟ್ಟದ ತರಬೇತಿಯನ್ನೇ ವೃತ್ತಿ ಮಾಡಿಕೊಂಡವರಿಗೂ ಅಲ್ಲಿ ಹೀಗಾಗಿದೆ.

ಡೆನ್ವರ್_ಕನ್ನಡಿಗ
ಗಡಿಯ ವಿಷಯ ಗೊತ್ತಿರಲಿಲ್ಲ. ಆ ಸಲಹೆ ವಾಪಸ್ ತಗೊಂಡೆ. ಆದರೆ 2024ರಲ್ಲಿ ಹಿಮವೇ ಕಡಿಮೆ ಅಂದ್ರಿ. ಕಡಿಮೆ ಇದ್ದ ವರ್ಷ ಕುಸಿತ ಹೇಗೆ?

ರವೆಹಿಮ
ಕಡಿಮೆ ಇದ್ದ ವರ್ಷವೇ ಹೆಚ್ಚು ಎಚ್ಚರ ಬೇಕು. ಕಾರಣ ಹೇಳ್ತೀನಿ.
ಹಿಮದ ಪದರ ತೆಳ್ಳಗಿದ್ದು ರಾತ್ರಿ ಚಳಿ ಜಾಸ್ತಿ ಇದ್ದಾಗ, ನೆಲದ ಹತ್ತಿರ ಸೊನ್ನೆ ಡಿಗ್ರಿ, ಮೇಲ್ಮೈಯಲ್ಲಿ ಮೈನಸ್ ಹತ್ತು-ಹನ್ನೆರಡು. ಅರ್ಧ ಮೀಟರ್ ದಪ್ಪದಲ್ಲಿ ಇಷ್ಟು ವ್ಯತ್ಯಾಸ. ಮೀಟರಿಗೆ 10 ಡಿಗ್ರಿ ದಾಟಿದ್ರೆ ಕೆಳಗಿನ ಹಿಮದಿಂದ ಆವಿ ಮೇಲಕ್ಕೆ ಚಲಿಸುತ್ತೆ, ಹರಳುಗಳು ಒಂದಕ್ಕೊಂದು ಅಂಟೋದು ಬಿಟ್ಟು ಕೋನಕೋನವಾಗಿ ಬೆಳೆಯುತ್ತವೆ. ಆ ಹಿಮವನ್ನ ಕೈಯಲ್ಲಿ ಹಿಡಿದು ನೋಡಿ. ಉಂಡೆ ಕಟ್ಟೋಕೆ ಹೋದ್ರೆ ಕಟ್ಟಲ್ಲ, ಬನ್ಸಿ ರವೆ ಥರ ಬೆರಳ ಸಂದಿಯಿಂದ ಸುರಿದುಹೋಗುತ್ತೆ.
ಇಂಥ ರವೆ ಪದರದ ಮೇಲೆ ಫೆಬ್ರವರಿಯಲ್ಲಿ ಒಮ್ಮೆಲೇ ಒಂದು ಮೀಟರ್ ಭಾರದ ಹಿಮ ಬಿದ್ದರೆ? ರವೆ ಹಾಸಿದ ನೆಲದ ಮೇಲೆ ಹಲಗೆ ಇಟ್ಟ ಹಾಗೆ. ಒಬ್ಬ ಸ್ಕೀಯರ್ ತೂಕ ಬಿದ್ದರೆ ಸಾಕು, ಇಡೀ ಹಲಗೆ ಜಾರುತ್ತೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಹೆಚ್ಚು. ಸ್ಕೀಯಿಂಗ್‌ಗೆ ಮಜಾ ಕೊಡೋ ಇಳಿಜಾರೂ ಅದೇ.
ಇದರ ಜತೆ ಗಾಳಿ. ಪಶ್ಚಿಮದಿಂದ ಬೀಸೋ ಗಾಳಿ ಅಫರ್ವತ್ ದಂಡೆಯ ಆಚೆಬದಿಯ ಹಿಮ ಹೊತ್ತು ತಂದು ಗುಲ್ಮಾರ್ಗ್ ಕಡೆಯ ಪೂರ್ವ ಮುಖಕ್ಕೆ ಪೇರಿಸುತ್ತೆ. ಹೋಟೆಲ್ ಮುಂದೆ 30 ಸೆಂ.ಮೀ. ಅಳೆದ್ರಿ ಅಂದ್ರೆ ಮೇಲೆ ಕೆಲವು ಕಡೆ ಮೀಟರ್ ದಾಟಿರಬಹುದು.

ಕೊಡಗಿನ_ಕಾಫಿ
ಒಂದು ಭಾಷೆಯ ಮಾತು. ನಮ್ಮ ಪತ್ರಿಕೆಗಳು "ಗುಲ್ಮಾರ್ಗ್‌ನಲ್ಲಿ ಹಿಮಪಾತ" ಅಂತ ಬರೆದಾಗ ಹಿಮ ಬಿತ್ತಾ, ಬೆಟ್ಟದಿಂದ ಜಾರಿತಾ ಅಂತ ತಿಳಿಯಲ್ಲ. ಎರಡಕ್ಕೂ ಅದೇ ಪದ ಬಳಸ್ತಾರೆ. ಒಂದು ಖುಷಿಯ ಸುದ್ದಿ, ಇನ್ನೊಂದು ಸಾವಿನ ಸುದ್ದಿ.

ತೀರ್ಥಹಳ್ಳಿ_ಮಳೆ
ಬಿದ್ದರೆ ಹಿಮಪಾತ, ಜಾರಿದರೆ ಹಿಮಕುಸಿತ. ಈ ಥ್ರೆಡ್‌ನಲ್ಲಾದರೂ ಹಾಗೇ ಬಳಸೋಣ. ಇನ್ನು "ಮಂಜು" ಅಂದ್ರೆ ನಮ್ಮ ಮಲೆನಾಡಿನಲ್ಲಿ ಬೆಳಿಗ್ಗೆ ರಸ್ತೆ ಕಾಣದ ಹಾಗೆ ಕವಿಯೋದು. ಅಲ್ಲಿನ ಹೋಟೆಲಿಗೆ ಫೋನ್ ಮಾಡಿ ಹಿಂದಿಯಲ್ಲಿ ಕೇಳುವಾಗಲೂ "ಬರ್ಫ್" ಎಷ್ಟು ಅಂತಲೇ ಕೇಳಿ.

ಕೊಡಗಿನ_ಕಾಫಿ
ಫೋನ್‌ನಲ್ಲಿ "ಬರ್ಫ್ ಇದೆಯಾ" ಅಂತ ಕೇಳಬೇಡಿ. ಇದೆ ಅಂತಲೇ ಹೇಳ್ತಾರೆ. "ಬಯಲಲ್ಲಿ ಎಷ್ಟು ಅಡಿ, ಎರಡನೇ ಹಂತ ಕಳೆದ ವಾರ ಎಷ್ಟು ದಿನ ತೆರೆದಿತ್ತು, ಟಂಗ್‌ಮಾರ್ಗ್‌ವರೆಗೆ ಇಳಿಯೋಕಾಗ್ತಿದೆಯಾ" ಅಂತ ಕೇಳಿ. ಈ ಮೂರಕ್ಕೆ ಉತ್ತರ ಸಿಕ್ಕಿದ್ರೆ ಹಿಮದ ಸ್ಥಿತಿ ಪೂರ್ತಿ ಗೊತ್ತಾಗುತ್ತೆ.

ಜಯನಗರದವ
ಮೂರನೆಯದು ಅರ್ಥ ಆಗಲಿಲ್ಲ. ಟಂಗ್‌ಮಾರ್ಗ್ ಯಾಕೆ?

ಕೊಡಗಿನ_ಕಾಫಿ
ಟಂಗ್‌ಮಾರ್ಗ್ ಇರೋದು ಸುಮಾರು 2,150 ಮೀಟರ್‌ನಲ್ಲಿ, ಗುಲ್ಮಾರ್ಗ್ 2,650. ಕಾಡಿನ ನಡುವೆ ಬಾಬಾರೇಶಿ, ಟಂಗ್‌ಮಾರ್ಗ್ ಕಡೆ ಇಳಿಯೋ ದಾರಿಗಳಲ್ಲಿ ಹಿಮ ಇದೆ ಅಂದ್ರೆ ತಗ್ಗಿನಲ್ಲೇ ದಪ್ಪ ಪದರ ಕಟ್ಟಿದೆ ಅಂತ ಅರ್ಥ. ಆಗ ಮೇಲೆ ಬಂಡೆಗಳೂ ಮುಚ್ಚಿರ್ತವೆ.

ಮುಗಿಲುನೋಟ
ಮುನ್ಸೂಚನೆ ಓದೋದು ಹೇಗೆ ಅಂತ ಒಮ್ಮೆ ಬರೆದುಬಿಡ್ತೀನಿ, ಮತ್ತೆ ಮತ್ತೆ ಕೇಳ್ತಾರೆ.
ಹತ್ತು ದಿನದಾಚೆಯ ಸಂಖ್ಯೆಗಳನ್ನ ನಂಬಬೇಡಿ, ಅಲ್ಲಿ ಒಲವು ಮಾತ್ರ ನೋಡಿ. ಯುರೋಪಿನ ಇಸಿಎಂಡಬ್ಲ್ಯುಎಫ್, ಅಮೆರಿಕದ ಜಿಎಫ್‌ಎಸ್, ಎರಡೂ ಹವಾಮಾನ ಲೆಕ್ಕದ ಮಾದರಿಗಳು ಐದು ದಿನ ಮುಂಚೆ ಒಂದೇ ಮಾತು ಹೇಳಿದ್ರೆ ನಂಬಬಹುದು. ಒಂದು ಹೌದು, ಇನ್ನೊಂದು ಇಲ್ಲ ಅಂದ್ರೆ ಕಾಯಿರಿ. ಮೂರು ದಿನದೊಳಗೆ ಬಂದ ಮೇಲೆ ಶ್ರೀನಗರ ಹವಾಮಾನ ಕೇಂದ್ರದ ಪ್ರಕಟಣೆ ನೋಡಿ.
ಮೊಬೈಲ್ ಆ್ಯಪ್‌ನಲ್ಲಿ "ಗುಲ್ಮಾರ್ಗ್" ಅಂತ ಹುಡುಕಿದ್ರೆ ಒಂದು ಸಂಖ್ಯೆ ಬರುತ್ತೆ. ಅದು ಯಾವ ಎತ್ತರಕ್ಕೆ ಲೆಕ್ಕ ಹಾಕಿದ್ದು ಅಂತ ನೋಡಿಕೊಳ್ಳಿ. ನಿಮಗೆ ಎರಡು ಎತ್ತರದ ಲೆಕ್ಕ ಬೇಕು: ಬಯಲಿಗೆ 2,650, ಗೊಂಡೋಲಾ ತುದಿಗೆ ಸುಮಾರು 3,950.
ಹಿಮದ ಸೆಂಟಿಮೀಟರ್‌ಗಿಂತ ಮಳೆಯ ಮಿಲಿಮೀಟರ್ ನೋಡಿ, ನೀವೇ ಪರಿವರ್ತಿಸಿ. 1 ಮಿ.ಮೀ. ನೀರಿಗೆ ಸುಮಾರು 1 ಸೆಂ.ಮೀ. ಹಿಮ. ಚಳಿ ಹೆಚ್ಚಿದ್ದರೆ ಒಂದೂವರೆಯವರೆಗೆ ಹೋಗುತ್ತೆ. 25 ಮಿ.ಮೀ. ಅಂತ ಇದ್ದು ತುದಿಯಲ್ಲಿ ಮೈನಸ್ 10 ಇದ್ದರೆ ಅಲ್ಲಿ 30-35 ಸೆಂ.ಮೀ. ಹಗುರ ಪೌಡರ್. ಅದೇ 25 ಮಿ.ಮೀ. ಬಯಲಲ್ಲಿ ಮೈನಸ್ 1 ಇದ್ದರೆ 20-25 ಸೆಂ.ಮೀ., ಒದ್ದೆ, ಭಾರ.
ಸೊನ್ನೆ ಡಿಗ್ರಿ ಎತ್ತರ, ಅಂದ್ರೆ ಉಷ್ಣತೆ ಸೊನ್ನೆಗೆ ಇಳಿಯೋ ಎತ್ತರ, ಅಂತ ಒಂದು ಸಾಲು ಇರುತ್ತೆ. ಹಿಮ ಅದಕ್ಕಿಂತ ಸುಮಾರು 300 ಮೀಟರ್ ಕೆಳಗಿನವರೆಗೂ ಹಿಮವಾಗೇ ಬೀಳುತ್ತೆ. ಆ ಎತ್ತರ 2,900 ಅಂತ ತೋರಿಸಿದ್ರೆ ಗುಲ್ಮಾರ್ಗ್‌ನಲ್ಲಿ ಒದ್ದೆ ಹಿಮ, ಟಂಗ್‌ಮಾರ್ಗ್‌ನಲ್ಲಿ ಮಳೆ. 3,200 ಅಂದ್ರೆ ಗುಲ್ಮಾರ್ಗ್‌ನಲ್ಲೂ ಮಳೆ. ಮಾರ್ಚ್‌ನಲ್ಲಿ ಇದನ್ನ ದಿನಾ ನೋಡಬೇಕು.
ಕೊನೆಗೆ ಗಾಳಿ. ನೆಲಮಟ್ಟದ ಗಾಳಿ ಉಪಯೋಗಕ್ಕೆ ಬರಲ್ಲ. ವಾಯುಒತ್ತಡ 600 ಹೆಕ್ಟೊಪಾಸ್ಕಲ್ ಇರೋ ಮಟ್ಟ ಅಂದಾಜು 4,200 ಮೀಟರ್, ಅಂದ್ರೆ ಅಫರ್ವತ್ ನೆತ್ತಿ. ಅಲ್ಲಿ ಗಾಳಿ ಜೋರು ತೋರಿಸ್ತಿದ್ರೆ ಆಕಾಶ ನೀಲಿ ಇದ್ದರೂ ಎರಡನೇ ಹಂತ ನಿಲ್ಲಿಸ್ತಾರೆ.

ಬನಶಂಕರಿ_ಬೈಕರ್
600 ಹೆಕ್ಟೊಪಾಸ್ಕಲ್ ಆಯ್ಕೆ ಎಲ್ಲಿ ಸಿಗುತ್ತೆ?

ಮುಗಿಲುನೋಟ
ಗಾಳಿ ನಕ್ಷೆ ತೋರಿಸೋ ವಿಂಡಿ ಥರದ ಆ್ಯಪ್‌ಗಳಲ್ಲಿ ಬದಿಯಲ್ಲಿ ಎತ್ತರ ಬದಲಿಸೋ ಪಟ್ಟಿ ಇರುತ್ತೆ, ಅದನ್ನ ಮೇಲಕ್ಕೆ ಎಳೀರಿ.

ಕುಡ್ಲದ_ಕಡಲು
ಔಲಿ ಬಗ್ಗೆ ಯಾರೂ ಹೇಳ್ಲಿಲ್ಲ ಮಾರ್ರೆ. ಔಲಿಯನ್ನು ಗುಲ್ಮಾರ್ಗ್‌ನ ಬದಲಿ ಅಂತ ಇಟ್ಟುಕೊಳ್ಳಬೇಡಿ. ಶ್ರೀನಗರದಿಂದ ಅಲ್ಲಿಗೆ ನಾಳೆ ಬೆಳಿಗ್ಗೆ ಹೋಗುವ ಹಾಗೆ ಇಲ್ಲ. ಋಷಿಕೇಶದಿಂದ ಔಲಿಯ ಕೆಳಗಿನ ಊರು ಜೋಶಿಮಠಕ್ಕೇ ಸುಮಾರು 250 ಕಿ.ಮೀ. ಘಾಟಿ ರಸ್ತೆ, ಪೂರ್ತಿ ಒಂದು ದಿನ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದ್ರು. ಹಾಗಾಗಿ ಯೋಜನೆ ಹಾಕುವಾಗ ರಸ್ತೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಿಮ ಬಿದ್ದ ದಿನ ಆ ಕೊನೇ ರಸ್ತೆಗೂ ಚೈನ್ ಹಾಕಿದ ಗಾಡಿ ಬೇಕು.
ಎತ್ತರ 2,500ರಿಂದ 3,050 ಮೀಟರ್. ಗುಲ್ಮಾರ್ಗ್‌ನ ಹಾಗೆ 4,000ದ ಹತ್ತಿರ ಹೋಗುವ ಲಿಫ್ಟ್ ಇಲ್ಲ. ಹಿಮ ಕಡಿಮೆ ಆದ ವರ್ಷ ಮೇಲಕ್ಕೆ ಹೋಗಿ ತಪ್ಪಿಸಿಕೊಳ್ಳಲು ಅಲ್ಲಿ ಜಾಗ ಇಲ್ಲ. ಇಳಿಜಾರು ಉತ್ತರ ಮುಖ, ಹಾಗಾಗಿ ಬಿದ್ದ ಹಿಮ ಉಳಿಯುತ್ತದೆ. ಅದು ಅದರ ಒಳ್ಳೆ ಗುಣ.

ಡೆನ್ವರ್_ಕನ್ನಡಿಗ
ಔಲಿಯಲ್ಲಿ ಹಿಮ ಮಾಡೋ ಯಂತ್ರಗಳು ಇವೆ ಅಂತ ಓದಿದ್ದೆ?

ಕುಡ್ಲದ_ಕಡಲು
ಇವೆ, ಅದಕ್ಕಾಗಿ ಕೊಳವೂ ಇದೆ. ಯಂತ್ರ ಇದ್ದರೆ ಹಿಮ ಬಂತು ಅಂತಲ್ಲ. ಗಾಳಿಯ ಒದ್ದೆ ಬಲ್ಬ್ ಉಷ್ಣತೆ (ತೇವವನ್ನೂ ಲೆಕ್ಕಕ್ಕೆ ಹಿಡಿದ ಉಷ್ಣತೆ) ಮೈನಸ್ 2ರ ಕೆಳಗೆ ಇಳಿಯಬೇಕು. ಹಿಮ ಬಾರದ ವರ್ಷ ಬಿಸಿಲೂ ಹೆಚ್ಚು, ತಯಾರಿಸಿದ್ದು ನಿಲ್ಲುವುದು ಕಷ್ಟ. ಅದನ್ನು ನಂಬಿ ಟಿಕೆಟ್ ತೆಗೆಯಬೇಡಿ.

ಚಾಮುಂಡಿ_ಮೆಟ್ಟಿಲು
ಎಲ್ಲರೂ ಅಫರ್ವತ್ ಅಫರ್ವತ್ ಅಂತಿದ್ದೀರಿ. ಇವರಲ್ಲಿ ಮೂವರು ಹೊಸಬರು! ಅವರಿಗೆ ಎರಡನೇ ಹಂತ ಬೇಕೇ ಇಲ್ಲ.
ಹೊಸಬರು ಕಲಿಯೋದು ಕೆಳಗಿನ ಬಯಲಲ್ಲಿ, ಗಾಲ್ಫ್ ಮೈದಾನದ ಸುತ್ತ. ಅದರ ಕೆಳಗಿರೋದು ಹುಲ್ಲು, ಒಂದೂಕಾಲು ಅಡಿ ಹಿಮ ಕೂತಿದ್ರೆ ಕಲಿಕೆಗೆ ಸಾಕು. ಮೇಲೆ ಹಾಗಲ್ಲ, ಬಂಡೆಗಳು. ಅಲ್ಲಿ ಒಂದು ಮೀಟರಿಗಿಂತ ಕಡಿಮೆ ಇದ್ದರೆ ಪೌಡರ್ ಕೆಳಗೆ ಕಲ್ಲು ಅಡಗಿ ಕೂತಿರುತ್ತೆ, ಸ್ಕೀ ತಳ ಸೀಳುತ್ತೆ, ಮೊಣಕಾಲು ತಿರುಚುತ್ತೆ.
ಹಾಗಾಗಿ ಗುಂಪನ್ನ ಎರಡಾಗಿ ಯೋಚಿಸಿ. ಮೂವರಿಗೆ ತರಬೇತುದಾರರನ್ನ ಹಿಡಿದು ಮೊದಲ ಮೂರು ದಿನ ಬಯಲು, ನಾಲ್ಕನೇ ದಿನ ಮೊದಲ ಹಂತದ ಕೊಂಗ್ಡೂರಿ, ಅದೂ ತರಬೇತುದಾರರು ಸರಿ ಅಂದ್ರೆ. ಸ್ಕೀಯಿಂಗ್ ಸ್ವಲ್ಪ ಗೊತ್ತಿರೋ ಇಬ್ಬರು ಕೊಂಗ್ಡೂರಿ ಮತ್ತು ಅಲ್ಲಿಂದ ಮೇರಿ ಶೋಲ್ಡರ್‌ಗೆ ಹೋಗೋ ಚೇರ್‌ಲಿಫ್ಟ್ ಹಿಡೀಲಿ. ಬಿರುಗಾಳಿ ದಿನ ಮೇಲೆ ಎಲ್ಲ ಬೆಳ್ಳಗೆ, ಏರು-ತಗ್ಗು ಕಾಣಲ್ಲ. ಮರಗಳಿರೋ ಕೆಳಭಾಗದಲ್ಲಿ ಕಣ್ಣಿಗೆ ಅಳತೆ ಸಿಗುತ್ತೆ.

ಹುಬ್ಬಳ್ಳಿ_ಹಾದಿ
ಖರೇ ಮಾತು. ಇನ್ನೊಂದು ಸೇರಸ್ತೀನಿ: ಸರ್ಕಾರಿ ಸಂಸ್ಥೆ ಕೋರ್ಸ್ ಬೇಕಂದ್ರ ಗುಲ್ಮಾರ್ಗ್‌ನಾಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಕೀಯಿಂಗ್ ಆ್ಯಂಡ್ ಮೌಂಟೇನಿಯರಿಂಗ್ ಅದ, ಮನಾಲಿ ಕಡೆ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ ಅದ. ಸೀಟು ಲಗೂ ತುಂಬತಾವು. ಹಿಮ ಬರದಿದ್ರ ಕೋರ್ಸ್ ದಿನಾಂಕ ಮುಂದ ಹೋಗ್ತದ, ಅದಕ್ಕ ರಜಾ ಒಂದು ವಾರ ಆಚೀಚೆ ಆಗೋ ಹಂಗ ಇಟಗೋರಿ.

ಬೂಟುಬಕಲ್
ಮೂವರು ಹೊಸಬರು ಅಂದ್ರಲ್ಲ, ಅವರ ಪ್ರವಾಸ ಕೆಡಿಸೋದು ಹಿಮಕ್ಕಿಂತ ಹೆಚ್ಚಾಗಿ ಬಾಡಿಗೆ ಬೂಟು. ಒಂದು ಗಂಟೆ ಅಂಗಡಿಯಲ್ಲಿ ಕೂತು ಸರಿಯಾಗಿ ಹಾಕಿ ನೋಡಿ.
ಬೂಟಿನ ಒಳಗಿನ ಮೆತ್ತೆ ಹೊರಗೆ ತೆಗೀರಿ. ಬರಿಯ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಕಾಲಿಟ್ಟು ಬೆರಳು ಮುಂದಕ್ಕೆ ತಾಗಿಸಿ. ಹಿಮ್ಮಡಿ ಹಿಂದೆ ಒಂದೂವರೆಯಿಂದ ಎರಡು ಬೆರಳು ಹಿಡಿಯೋ ಜಾಗ ಇರಬೇಕು. ಮೂರು ಬೆರಳು ಹಿಡಿದ್ರೆ ಬೂಟು ದೊಡ್ಡದು, ವಾಪಸ್ ಕೊಡಿ. ಆಮೇಲೆ ಮೆತ್ತೆ ಹಾಕಿ, ಹಿಮ್ಮಡಿ ನೆಲಕ್ಕೆ ಎರಡು ಸಲ ಕುಟ್ಟಿ, ಕೆಳಗಿನ ಬಕಲ್ ಸಡಿಲ, ಕಣಕಾಲಿನದು ಬಿಗಿ. ನೇರ ನಿಂತಾಗ ಬೆರಳ ತುದಿ ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು.
ಕಾಲುಚೀಲ ಒಂದೇ, ಉದ್ದನೆಯ ತೆಳು ಉಣ್ಣೆಯದು. ಚಳಿ ಅಂತ ಎರಡು ಹಾಕಿದ್ರೆ ರಕ್ತ ಓಡಾಟ ಕಮ್ಮಿ ಆಗಿ ಕಾಲು ಇನ್ನೂ ತಣ್ಣಗಾಗುತ್ತೆ. ಥರ್ಮಲ್ ಪ್ಯಾಂಟಿನ ತುದಿಯನ್ನ ಬೂಟಿನೊಳಗೆ ತುರುಕಬೇಡಿ. ಆ ಮಡಿಕೆ ಮೊಳಕಾಲಿನ ಎಲುಬಿನ ಮೇಲೆ ಒತ್ತಿ ಮಧ್ಯಾಹ್ನದೊಳಗೆ ಗಾಯ ಮಾಡುತ್ತೆ.
ಸ್ಕೀ ಉದ್ದ ಹೊಸಬರಿಗೆ ಗದ್ದದವರೆಗೆ. ತಳದಲ್ಲಿ ಆಳದ ಗೀರು, ಅಂಚಿನಲ್ಲಿ ತುಕ್ಕು, ಕೆಳಗಿಳಿಯದ ಬ್ರೇಕ್ ಇದ್ದರೆ ಬೇರೆ ಜೋಡಿ ಕೇಳಿ. ಬೈಂಡಿಂಗ್ (ಬೂಟನ್ನ ಸ್ಕೀಗೆ ಹಿಡಿಯೋ ಕೊಂಡಿ) ಹೊಂದಿಸುವಾಗ ನಿಜವಾದ ತೂಕ ಹೇಳಿ. ಹೆಚ್ಚಾಗಿ ಹೇಳಿದ್ರೆ ಬೀಳುವಾಗ ಬಿಚ್ಚಿಕೊಳ್ಳಲ್ಲ, ಮೊಣಕಾಲಿಗೆ ಪೆಟ್ಟು.

ಚಾಮುಂಡಿ_ಮೆಟ್ಟಿಲು
ರಾತ್ರಿ ಬೂಟನ್ನ ಜಗುಲಿಯಲ್ಲಿ ಬಿಡಬೇಡಿ ಅನ್ನೋದನ್ನೂ ಸೇರಿಸಿ. ಚಳಿಗೆ ಪ್ಲಾಸ್ಟಿಕ್ ಬಿರುಸಾಗಿ ಬೆಳಿಗ್ಗೆ ಕಾಲೇ ಹೋಗಲ್ಲ.

ಬೂಟುಬಕಲ್
ಹೌದು. ಒಳಮೆತ್ತೆ ಬಿಚ್ಚಿ ಬುಖಾರಿಯಿಂದ (ರೂಮು ಬೆಚ್ಚಗಿಡೋ ಒಲೆಯಿಂದ) ಮೂರು ಅಡಿ ದೂರ ಇಡಿ. ಬುಖಾರಿ ಮೇಲೇ ಇಟ್ಟರೆ ಮೆತ್ತೆ ಸುಟ್ಟು ಸುರುಟುತ್ತೆ.

ದಾವಣಗೆರೆ_ಬೆಣ್ಣೆ
ಜೀನ್ಸ್ ಮೇಲೆ ಟಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗೋ ಉದ್ದ ಕೋಟು, ಗಮ್‌ಬೂಟು ಹಾಕ್ಕೊಂಡ್ರೆ ಸಾಲಲ್ವಾ?

ಬೂಟುಬಕಲ್
ಫೋಟೊಗೆ ಸಾಕು, ಸ್ಕೀಗೆ ಬೇಡ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟುತ್ತೆ, ಗೊಂಡೋಲಾ ತುದಿಯ ಗಾಳಿಗೆ ಹಾಗೇ ಹೆಪ್ಪುಗಟ್ಟುತ್ತೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಹೊರಗೆ ನೀರು-ಗಾಳಿ ತಡೆಯೋ ಜಾಕೆಟ್, ಪ್ಯಾಂಟು. ಗಾಗಲ್ಸ್ ಎರಡು ಬಗೆಯ ಗಾಜಿನದು: ಮೋಡಕ್ಕೆ ತಿಳಿ ಹಳದಿ, ಬಿಸಿಲಿಗೆ ಕಪ್ಪು. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣದಲ್ಲಿ ಶೇ 80ರಷ್ಟನ್ನ ವಾಪಸ್ ಎರಚುತ್ತೆ. ಮೂಗಿನ ಹೊಳ್ಳೆಯ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ಕೊಡಗಿನ_ಕಾಫಿ
ಮರೆತುಹೋಗೋ ಸಣ್ಣ ವಿಷಯಗಳು, ಒಟ್ಟಿಗೆ ಹಾಕ್ತೀನಿ.
ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡಲ್ಲ. ಐದು ಜನರಲ್ಲಿ ಇಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ 13 ಕಿ.ಮೀ., ಹಿಮ ಬಿದ್ದರೆ ಫೋರ್ ವೀಲ್ ಡ್ರೈವ್ ಅಥವಾ ಚೈನ್ ಹಾಕಿದ ಗಾಡಿ ಮಾತ್ರ ಬಿಡ್ತಾರೆ, ಅಲ್ಲಿಂದ ಸ್ಥಳೀಯ ಗಾಡಿ ಹಿಡೀಬೇಕು. ಶ್ರೀನಗರದಲ್ಲಿ ಟ್ಯಾಕ್ಸಿ ಮಾತಾಡುವಾಗ "ಗುಲ್ಮಾರ್ಗ್‌ವರೆಗಾ, ಟಂಗ್‌ಮಾರ್ಗ್‌ವರೆಗಾ" ಅಂತ ಮೊದಲೇ ತೀರ್ಮಾನ ಮಾಡಿ. ಗೊಂಡೋಲಾ ಟಿಕೆಟ್ ಆನ್‌ಲೈನ್, ಎರಡು ಹಂತಕ್ಕೂ ಬೇರೆ ಬೇರೆ. ಎರಡನೇ ಹಂತ ತೆರೆಯುತ್ತೋ ಇಲ್ವೋ ಅನ್ನೋದು ಬೆಳಿಗ್ಗೆ ತಿಳಿಯೋದು.
ರೂಮಿನಲ್ಲಿ ಬುಖಾರಿ ಅಥವಾ ಗ್ಯಾಸ್ ಹೀಟರ್ ಉರಿಸಿ ಕಿಟಕಿ ಪೂರ್ತಿ ಮುಚ್ಚಿ ಮಲಗಬೇಡಿ, ದಯವಿಟ್ಟು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಮಲಗೋಕೆ ಮುಂಚೆ ಆರಿಸಿ, ಎರಡು ಬೆರಳಷ್ಟು ಕಿಟಕಿ ತೆರೆದಿರಲಿ. ಕರೆಂಟ್ ಹಾಸಿಗೆ ಇದ್ದರೆ ಅದು ವಾಸಿ.

ಬನಶಂಕರಿ_ಬೈಕರ್
ರೈಲಿನಲ್ಲಿ ಹೋಗಬಹುದಲ್ವಾ ಈಗ? ಕಟ್ರಾ-ಶ್ರೀನಗರ ವಂದೇ ಭಾರತ್ 2025ರ ಜೂನ್‌ನಿಂದ ಇದೆ.

ಹುಬ್ಬಳ್ಳಿ_ಹಾದಿ
ವಿಮಾನ ರದ್ದಾದ ದಿನಕ್ಕ ಒಳ್ಳೆ ಎರಡನೇ ದಾರಿ. ಆದ್ರ ಬೆಂಗಳೂರಿಂದ ಕಟ್ರಾ ಮುಟ್ಟೋದಕ್ಕ ಎರಡು ದಿನದ ಮ್ಯಾಲೆ ಬೇಕಲ್ರಿ. ವಾಪಸ್ ಬರುವಾಗ ಕಣಿವೆಯಿಂದ ಜಮ್ಮು ಕಡೆ ಇಳಿಲಿಕ್ಕೆ ತಲ್ಯಾಗ ಇಟ್ಕೋರಿ.

ನಂದಿಬೆಟ್ಟ_ನಸುಕು
ಮಾರ್ಚ್ ಬಗ್ಗೆ ಎಲ್ಲರೂ ಮಳೆ, ಒದ್ದೆ ಅಂತ ಹೆದರಿಸ್ತಿದ್ದೀರಿ. ಹೊಸಬರಿಗೆ ಮಾರ್ಚ್ ಮೊದಲ ಹತ್ತು ದಿನ ಚೆನ್ನಾಗಿರುತ್ತೆ ಅನ್ನೋದು ನನ್ನ ವಾದ. ಹಗಲು ಉದ್ದ, ಚಳಿ ಕಡಿಮೆ, ಜನ ಕಡಿಮೆ.

ದಾವಣಗೆರೆ_ಬೆಣ್ಣೆ
ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಾರೆ. ಅಲ್ಲಿ ಹಿಮವೂ ಹೋಗಲ್ವಾ?

ರವೆಹಿಮ
2,650 ಮೀಟರ್‌ನಲ್ಲಿ ಆ ಗಾದೆ ನಡೆಯಲ್ಲ. ಮಾರ್ಚ್‌ನಲ್ಲೂ ದೊಡ್ಡ ಹಿಮಪಾತ ಆಗುತ್ತೆ. ಆದರೆ ಗಡಿಯಾರ ನೋಡಿಕೊಂಡು ಸ್ಕೀ ಮಾಡಬೇಕು.
ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಹಿಮ ಹೆಸರುಬೇಳೆ ಗಾತ್ರದ ಕಾಳಾಗುತ್ತೆ. ಬೆಳಿಗ್ಗೆ ಒಂಬತ್ತಕ್ಕೆ ಅದು ಗಾರೆ ನೆಲ, ಸ್ಕೀ ಅಂಚು ಹಿಡಿಯಲ್ಲ. ಹತ್ತೂವರೆಯಿಂದ ಹನ್ನೆರಡೂವರೆ ಹೊತ್ತಿಗೆ ಮೇಲಿನ ಒಂದೆರಡು ಅಂಗುಲ ಸಡಿಲಾಗಿ ಬೆಣ್ಣೆ ಥರ ಜಾರುತ್ತೆ, ಹೊಸಬರಿಗೆ ಇದಕ್ಕಿಂತ ಒಳ್ಳೆ ಹಿಮ ಬೇರೆ ಇಲ್ಲ. ಎರಡು ಗಂಟೆ ಮೇಲೆ ಕಣಕಾಲುವರೆಗೆ ಹೂತುಹೋಗೋ ಗಂಜಿ. ಆಗ ಕಡಿದಾದ ಇಳಿಜಾರು ಬಿಟ್ಟು ಬನ್ನಿ, ಒದ್ದೆ ಹಿಮಕುಸಿತದ ಹೊತ್ತು ಅದು. ರಾತ್ರಿ ಮೋಡ ಕವಿದು ಹೆಪ್ಪುಗಟ್ಟದೇ ಇದ್ದರೆ ಬೆಳಿಗ್ಗೆಯೇ ಗಂಜಿ.

ನಂದಿಬೆಟ್ಟ_ನಸುಕು
ಅದನ್ನೇ ನಾನೂ ಹೇಳೋದು. ಸಮಯ ಗೊತ್ತಿದ್ದವರಿಗೆ ಮಾರ್ಚ್ ಒಳ್ಳೇದು.

ಮುಗಿಲುನೋಟ
ಆದರೂ ಈ ಗುಂಪಿಗೆ ಫೆಬ್ರವರಿ ಮೊದಲ ಭಾಗವೇ ಸರಿ ಅಂತೀನಿ. ಅಷ್ಟು ಹೊತ್ತಿಗೆ ಎರಡು-ಮೂರು ಡಿಸ್ಟರ್ಬೆನ್ಸ್ ಬಂದು ಪದರ ಕಟ್ಟಿರೋ ಸಾಧ್ಯತೆ ಹೆಚ್ಚು, ಸೊನ್ನೆ ಡಿಗ್ರಿ ಎತ್ತರ ಇನ್ನೂ ಕೆಳಗೇ ಇರುತ್ತೆ. 2024ರಂಥ ವರ್ಷದಲ್ಲೂ ಫೆಬ್ರವರಿ ಕೈ ಹಿಡಿಯಿತು.

ಜಯನಗರದವ
ಹಿಮದಡಿ ಹೂತವರನ್ನ ಹುಡುಕೋಕೆ ಬೀಕನ್ (ಸಂಕೇತ ಕಳಿಸೋ ಸಾಧನ), ಸಲಿಕೆ, ಪ್ರೋಬ್ (ಚುಚ್ಚಿ ನೋಡೋ ಉದ್ದ ಕೋಲು) ಬಾಡಿಗೆಗೆ ತಗೋಬೇಕಾ? ನಾವು ಹಗ್ಗ ದಾಟಲ್ಲ.

ರವೆಹಿಮ
ಬಯಲು, ಕೊಂಗ್ಡೂರಿ ಮಾತ್ರ ಆದ್ರೆ ಬೇಡ. ಎರಡನೇ ಹಂತಕ್ಕೆ ಹೋಗೋ ಇಬ್ಬರೂ ಹಾಕಿಕೊಳ್ಳಲಿ, ಗೈಡ್ ಬಳಿಯೂ ಇರಲಿ. ಹೂತುಹೋದವರನ್ನ ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೆಯೋದು ಜತೆಗಿರೋರೇ. ಕೆಳಗಿಂದ ತಂಡ ಬರೋ ಹೊತ್ತಿಗೆ ತಡ ಆಗಿರುತ್ತೆ.
ಬೀಕನ್ ಒಳಜಾಕೆಟ್ ಮೇಲೆ, ಹೊರಜಾಕೆಟ್ ಕೆಳಗೆ. ಮೊಬೈಲನ್ನ ಅದರಿಂದ 20 ಸೆಂ.ಮೀ. ದೂರ ಇಡಿ, ಹುಡುಕುವಾಗ 50. ಬೀಕನ್ ಇದೆ ಅಂದ ಮಾತ್ರಕ್ಕೆ ಮುಗೀಲಿಲ್ಲ, ಬಯಲಲ್ಲಿ ಒಂದು ಬೀಕನ್ ಹೂತು ಹುಡುಕಿ ತೆಗೆಯೋದನ್ನ ಮೂರು ಸಲ ಮಾಡಿ. ಬೆಳಿಗ್ಗೆ ಹೊರಡುವಾಗ ಪೆಟ್ರೋಲ್‌ನವರ ಹಲಗೆ ನೋಡಿ, ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸೋ ಹಿಮಕುಸಿತ ಎಚ್ಚರಿಕೆಯನ್ನೂ ನೋಡಿ. ಐದು ಮಟ್ಟದಲ್ಲಿ ಮೂರು ಅಂದ್ರೆ "ಮಧ್ಯಮ, ಪರವಾಗಿಲ್ಲ" ಅಂತ ಓದಬೇಡಿ. ಮೂರರ ದಿನಗಳಲ್ಲೇ ಜನ ಧೈರ್ಯ ಮಾಡಿ ಹೋಗಿ ಸಿಕ್ಕಿಬೀಳೋದು.

ಡೆನ್ವರ್_ಕನ್ನಡಿಗ
ಇದು ಇಲ್ಲೂ ಹಾಗೇ. ವಿಮೆಯ ಬಗ್ಗೆ ಒಂದು ಮಾತು: ಪಾಲಿಸಿಯಲ್ಲಿ ಸ್ಕೀಯಿಂಗ್ ಸೇರಿದೆಯಾ, ಗುರುತು ಹಾಕಿದ ದಾರಿಯ ಹೊರಗೆ ಬಿದ್ದರೆ ಕೊಡ್ತಾರಾ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಜಯನಗರದವ
ಎಲ್ಲರಿಗೂ ಧನ್ಯವಾದ. ಗುಂಪಿನಲ್ಲಿ ಮಾತಾಡಿದೆ, ಸಂಕ್ರಾಂತಿ ಬಿಟ್ಟೆವು. ಹೊಸ ಯೋಜನೆ ಹೀಗಿದೆ, ತಪ್ಪಿದ್ದರೆ ಹೇಳಿ: ಜನವರಿ 31 ಬೆಂಗಳೂರು ಬಿಡೋದು, ಅದೇ ದಿನ ಗುಲ್ಮಾರ್ಗ್. ಫೆಬ್ರವರಿ 8ರ ಬೆಳಿಗ್ಗೆ ಗುಲ್ಮಾರ್ಗ್‌ನಿಂದ ಹೊರಟು ಮಧ್ಯಾಹ್ನ 1 ಗಂಟೆ ವಿಮಾನ. ಬದಲಿಸಬಹುದಾದ ಟಿಕೆಟ್. ಜನವರಿ 26ಕ್ಕೆ ಎರಡೂ ಮಾದರಿ ನೋಡಿ, ಬಯಲಲ್ಲಿ ಒಂದೂಕಾಲು ಅಡಿ ಇಲ್ಲ, ಬರೋ ಲಕ್ಷಣವೂ ಇಲ್ಲ ಅಂದ್ರೆ ಎರಡು ವಾರ ಮುಂದಕ್ಕೆ.

ಹುಬ್ಬಳ್ಳಿ_ಹಾದಿ
ಎಲ್ಲಾ ಛಲೋ ಅದ, ಕೊನೀ ದಿನ ಬಿಟ್ಟು. ಹಿಮ ಬಿದ್ರ ಗುಲ್ಮಾರ್ಗ್‌ನಿಂದ ವಿಮಾನ ನಿಲ್ದಾಣಕ್ಕ ನಾಲ್ಕು ತಾಸು ಹಿಡೀಬಹುದು, ಶ್ರೀನಗರ ನಿಲ್ದಾಣದಾಗ ತಪಾಸಣೆನೂ ಭಾಳ ಹೊತ್ತು. ಫೆಬ್ರವರಿ 7ರ ಮಧ್ಯಾಹ್ನನ ಇಳದು ಶ್ರೀನಗರದಾಗ ಮಲಗ್ರಿ.

ಕೊಡಗಿನ_ಕಾಫಿ
ಮೊದಲ ದಿನವೂ. ವಿಮಾನ ಮಧ್ಯಾಹ್ನ ಎರಡರ ಮೇಲೆ ಇಳಿಯೋದಾದ್ರೆ ಅವತ್ತೇ ಮೇಲೆ ಹೋಗಬೇಡಿ. ಕತ್ತಲಾದ ಮೇಲೆ ಟಂಗ್‌ಮಾರ್ಗ್ ರಸ್ತೆ ನೀರು ಹೆಪ್ಪುಗಟ್ಟಿ ಗಾಜಾಗುತ್ತೆ.

ಜಯನಗರದವ
ವಿಮಾನ ಇಳಿಯೋದು 3:40ಕ್ಕೆ. ಸರಿ, ಮೊದಲ ರಾತ್ರಿಯೂ ಶ್ರೀನಗರ. ಹಾಗಾದ್ರೆ ಗುಲ್ಮಾರ್ಗ್‌ನಲ್ಲಿ ಆರೇ ರಾತ್ರಿ ಉಳಿಯುತ್ತೆ. ಒಂದು ದಿನ ರಜೆ ಹೆಚ್ಚಿಗೆ ಕೇಳ್ತೀನಿ, ವಾಪಸ್ 9ಕ್ಕೆ.